ಬೈಂಡಿಂಗಿಗೆ ಹೋದ ನೂರಾ ಹದಿನಾಲ್ಕು ಪುಸ್ತಕ

ಅಂಬಪ್ಪ ಮೂವತ್ತೊಂದು ವರ್ಷ ಜಮೀನಿನ ಕಾಗದ ನೋಡಿದ ಮನುಷ್ಯ. ಪುಸ್ತಕ ಅಂದರೆ ಅವನ ತಿಳಿವಳಿಕೆಯಲ್ಲಿ ಎರಡೇ ಇದ್ದವು: ಒಂದು ಕಚೇರಿಯ ಮ್ಯುಟೇಶನ್ ರಿಜಿಸ್ಟರು, ಇನ್ನೊಂದು ಮನೆಯಲ್ಲಿ ಹೆಂಡತಿ ಜೋಗಮ್ಮ ಟ್ರಂಕಿನ ತಳದಲ್ಲಿ ಇಟ್ಟಿರುವ ಹಳೆಯ ರೇಷನ್ ಪುಸ್ತಕ. ಇಂಥವನನ್ನು ಹಿಡಿದು ತಂದು ಹನ್ನೆರಡು ಸಾವಿರ ಪುಸ್ತಕದ ಕಾಲೇಜು ಲೈಬ್ರರಿಯಲ್ಲಿ ಕೂರಿಸುವ ಬುದ್ಧಿ ಸರ್ಕಾರಕ್ಕೆ ಬಿಟ್ಟು ಇನ್ಯಾರಿಗೂ ಬರುವುದಿಲ್ಲ.

ಆದದ್ದು ಹೀಗೆ. ಅವನು ತಹಸೀಲು ಕಚೇರಿಯಲ್ಲಿ ಗುಮಾಸ್ತ. ಯಾವ ಊರಿನ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿ ಅವನಿಗೆ ಈಗಲೂ ಚಹಾ ತರಿಸುವವರಿದ್ದಾರೆ. ಸರ್ಕಾರಿ ಜಾಗ ಒತ್ತುವರಿ ಮಾಡಿದವರ ಪಟ್ಟಿ ತಯಾರಿಸಿ ಬೋರ್ಡಿಗೆ ಅಂಟಿಸು ಅಂದರು. ತಯಾರಿಸಿದ, ಅಂಟಿಸಿದ. ಪಟ್ಟಿಯ ಏಳನೇ ಹೆಸರು ಮೇಲಿನ ಸಾಹೇಬರ ಮಾವನದು ಅಂತ ಅಂಟು ಒಣಗಿದ ಮೇಲೆ ಗೊತ್ತಾಯಿತು. ಅಂಬಪ್ಪ ತಪ್ಪು ಮಾಡಿರಲಿಲ್ಲ, ಅದೇ ಅವನ ತಪ್ಪು. ಹದಿನೈದು ದಿನದಲ್ಲಿ ಕಾಗದ ಬಂತು. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಸದರಿ ನೌಕರನನ್ನು ಮಸ್ಕಿಯ ಒಂದು ಪದವಿ ಕಾಲೇಜಿನ ಗ್ರಂಥಾಲಯಕ್ಕೆ ನಿಯೋಜಿಸಲಾಗಿದೆ ಅಂತ ಅದರಲ್ಲಿತ್ತು. ಆ ಕಾಲೇಜಿನ ಹೆಸರೂ ಬೇಡ, ಸುಮ್ಮನೆ ಯಾಕೆ.

ಮನೆ ಸಿಂಧನೂರಿನಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿ, ಭತ್ತದ ಲಾರಿಗಳ ಹಿಂದೆ ತೆವಳಿ, ಮಸ್ಕಿಯಲ್ಲಿ ಇಳಿದು ಕಾಲೇಜಿಗೆ ನಡೆಯುವುದು ಅವನ ಹೊಸ ದಿನಚರಿಯಾಯಿತು. ಲೈಬ್ರರಿ ಅಂದರೆ ಒಂದು ಉದ್ದನೆಯ ಕೋಣೆ. ಕೋಣೆಗೆ ಅಡ್ಡಲಾಗಿ ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಒಂದು ಕಿಟಕಿ. ಪುಸ್ತಕ ಒಳಗೆ, ಹುಡುಗರು ಹೊರಗೆ, ನಡುವೆ ಜವಾನ ಆದಪ್ಪ. ಹುಡುಗರು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕಿಟಕಿಯಲ್ಲಿ ತೂರಿಸಬೇಕು, ಆದಪ್ಪ ಅದನ್ನು ಓದಿದಂತೆ ಮಾಡಿ ಇಲ್ಲ ಅನ್ನಬೇಕು. ಕನ್ನಡಕವಿಲ್ಲದೆ ಆದಪ್ಪನಿಗೆ ಅಕ್ಷರ ಕಾಣುವುದಿಲ್ಲ, ಕನ್ನಡಕ ಯಾವಾಗಲೂ ಮನೆಯಲ್ಲಿರುತ್ತದೆ. ಹತ್ತು ವರ್ಷದಿಂದ ಇದೇ ಪದ್ಧತಿ ನಡೆದು ಬಂದಿತ್ತು. ಆ ಕಿಟಕಿಯನ್ನು ನೋಡಿ ಅಂಬಪ್ಪನಿಗೆ ತಹಸೀಲಿಗೇ ವಾಪಸು ಬಂದಂತಾಗಿ ಜೀವಕ್ಕೆ ತಂಪೆನಿಸಿತು.

ಮೂರನೇ ವಾರ ಪ್ರಿನ್ಸಿಪಾಲ್ ಸಂಗನಬಸವ ಸಾಹೇಬರು ಕರೆಸಿದರು. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ, ಬೆಣ್ಣೆಯ ಒಳಗೆ ಏನಿದೆ ಅಂತ ತಿನ್ನುವವರೆಗೆ ತಿಳಿಯದು. ಮುಂದಿನ ತಿಂಗಳು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಕಾಲೇಜು ನೋಡಲು ಬರುವುದಿತ್ತು. ವಿದ್ಯಾರ್ಥಿಗಳ ಅಹವಾಲಿಗೆ ಸ್ಪಂದಿಸಿದ್ದೀರಾ ಅಂತ ಆ ತಂಡ ಕೇಳುತ್ತದಂತೆ. ಹಾಗಾಗಿ ಲೈಬ್ರರಿಯ ಬಾಗಿಲಿಗೆ ತೂಗುಹಾಕಿದ್ದ ದೂರಿನ ಪೆಟ್ಟಿಗೆಯನ್ನು ಒಂದೂವರೆ ವರ್ಷದ ನಂತರ ಒಡೆಸಿದ್ದರು. ಬೀಗದ ಕೈ ಕಳೆದಿತ್ತು, ಅದಕ್ಕೇ ಒಡೆಸಬೇಕಾಯಿತು. ಒಳಗೆ ಹತ್ತೊಂಬತ್ತು ಚೀಟಿ, ಒಂದು ಸತ್ತ ಹಲ್ಲಿ. ಹಲ್ಲಿಯನ್ನು ಆದಪ್ಪ ಎಸೆದ, ಚೀಟಿಗಳನ್ನು ಸಾಹೇಬರು ಅಂಬಪ್ಪನ ಮುಂದೆ ಹರಡಿದರು.

"ಭಾಳ ಏನಿಲ್ರೀ ಅಂಬಪ್ಪ, ಎಲ್ಲಾದರ ಮುಂದ ಪರಿಹರಿಸಲಾಗಿದೆ ಅಂತ ಬರದು ಶಿಕ್ಕಾ ಹೊಡೀರಿ."

ಅಂಬಪ್ಪ ಚೀಟಿಗಳನ್ನು ಜೋಡಿಸಿಕೊಂಡು ಎದ್ದು ನಿಂತ. ಎಂಥ ಕಚೇರಿಯಲ್ಲೂ ಒಂದು ರೀತಿ ಅಂತ ಇರುತ್ತದೆ ಅನ್ನುವುದು ಅವನ ನಂಬಿಕೆ. "ತಕರಾರು ಬಂದ ಮ್ಯಾಲ ವಿಚಾರಣಿ ಆಗಬೇಕ್ರೀ ಸರ್. ಅರ್ಜಿದಾರನ್ನ ಕೇಳಲಾರದ ವಿಲೇವಾರಿ ಮಾಡಾಕ ಬರಂಗಿಲ್ಲ."

ಸಾಹೇಬರು ನಕ್ಕರು. ಕಂದಾಯದವರು ಹುಟ್ಟುತ್ತಲೇ ಹೀಗೆ ಅಂತ ಅವರಿಗೆ ಅನಿಸಿರಬೇಕು. ಏನಾದರೂ ಮಾಡಿಕೊಳ್ಳಿ, ನ್ಯಾಕ್ ಬರುವುದರೊಳಗೆ ಕಾಗದ ನನ್ನ ಟೇಬಲಿಗೆ ಬರಲಿ ಅಂದರು.

ಅಂಬಪ್ಪ ಏನಾದರೂ ಮಾಡಿಕೊಂಡ. ತಹಸೀಲು ಕಚೇರಿಯಿಂದ ಬರುವಾಗ ಅಭ್ಯಾಸಬಲದಿಂದ ಒಂದು ಕಟ್ಟು ಅಚ್ಚಾದ ನೋಟೀಸು ಫಾರ್ಮು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಅದರಲ್ಲಿ ಸರ್ವೆ ನಂಬರ್ ಅನ್ನುವ ಕಡೆ ಚೀಟಿಯ ಕ್ರಮಸಂಖ್ಯೆ ಬರೆದ, ಅರ್ಜಿದಾರರು ಅನ್ನುವ ಕಡೆ ವಿದ್ಯಾರ್ಥಿಯ ಹೆಸರು ಬರೆದ, ಉಳಿದದ್ದು ಹೇಗಿತ್ತೋ ಹಾಗೇ ಬಿಟ್ಟ. ಸದರಿ ತಕರಾರು ಪ್ರಕರಣದ ವಿಚಾರಣೆಗೆ ಮಂಗಳವಾರ ಹನ್ನೊಂದು ಗಂಟೆಗೆ ಖುದ್ದಾಗಿ ಇಲ್ಲವೇ ವಕೀಲರ ಮೂಲಕ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು. ಕೆಳಗೆ ಕಾಲೇಜಿನ ದುಂಡನೆಯ ಶಿಕ್ಕಾ. ನೋಟೀಸನ್ನು ಅರ್ಜಿದಾರರ ಮನೆಗೇ ಮುಟ್ಟಿಸಬೇಕು ಅಂತ ನಿಯಮ, ಹಾಗಾಗಿ ಆದಪ್ಪ ಸೈಕಲ್ಲಿನ ಮೇಲೆ ಮಸ್ಕಿ ತುಂಬ ತಿರುಗಿ ಮುಟ್ಟಿಸಿ ಸಹಿ ತಂದ.

ಆ ಭಾಗದಲ್ಲಿ ತಕರಾರು ಅನ್ನುವ ಮಾತಿಗೆ ಮನೆಯಲ್ಲಿ ಒಂದು ಅರ್ಥ, ಕಚೇರಿಯಲ್ಲಿ ಒಂದು ಅರ್ಥ. ಮನೆಯಲ್ಲಿ ಅನ್ನ ಸೀದಿದೆ ಅಂದರೆ ತಕರಾರು, ಅಂಗಿ ಬಿಗಿ ಅಂದರೆ ತಕರಾರು, ತಕರಾರು ಮಾಡಬೇಡ ಅಂದರೆ ಬಾಯಿ ಮುಚ್ಚಿಕೊಂಡು ಇರು ಅಂತ. ಕಚೇರಿಯಲ್ಲಿ ತಕರಾರು ಅಂದರೆ ಹಕ್ಕು. ಇದು ನನ್ನದು, ಹೀಗಾಗಬಾರದು ಅಂತ ಒಬ್ಬ ಕಾಗದದ ಮೇಲೆ ಬರೆದು ಕೊಟ್ಟರೆ ಅದನ್ನು ಕೇಳದೆ ಯಾವ ಸಾಹೇಬನೂ ಮುಂದೆ ಹೋಗುವಂತಿಲ್ಲ. ಅಂಬಪ್ಪ ಕಳಿಸಿದ್ದು ಕಚೇರಿಯ ತಕರಾರು, ಹುಡುಗರಿಗೆ ಮುಟ್ಟಿದ್ದು ಮನೆಯ ತಕರಾರು.

ಮಂಗಳವಾರ ಒಬ್ಬೊಬ್ಬರೇ ಬಂದರು, ಮುಖ ಸಪ್ಪೆ ಮಾಡಿಕೊಂಡು, ಸಂಕಷ್ಟಿಯ ಉಪವಾಸ ಇದ್ದವರ ಹಾಗೆ. ಅನುಪಮಾ ಅನ್ನುವ ಹುಡುಗಿ ವಕೀಲರು ಅನ್ನುವ ಶಬ್ದ ಓದಿ ಹೆದರಿ, ಕೋರ್ಟಿನ ಮುಂದೆ ಟೈಪಿಂಗ್ ಮಾಡುವ ಸೋದರಮಾವನನ್ನು ಕರೆದುಕೊಂಡು ಬಂದಿದ್ದಳು. ಆತ ತಾನು ವಕೀಲನಲ್ಲ ಅಂತ ಮೂರು ಸಲ ಹೇಳಿದ, ಆದರೂ ಕರಿ ಕೋಟು ಹಾಕಿಕೊಂಡು ಬಂದಿದ್ದ. ಪಂಪಾಪತಿ ಅನ್ನುವ ಅಂತಿಮ ಬಿ.ಎ. ಹುಡುಗ ಲೈಬ್ರರಿಯ ಫ್ಯಾನು ತಿರುಗುವುದಿಲ್ಲ ಅಂತ ಬರೆದಿದ್ದವನು. ಅಂಬಪ್ಪ ಅವನ ಚೀಟಿ ಗಟ್ಟಿಯಾಗಿ ಓದಿ, ಇದು ನಿನ್ನ ತಕರಾರು ಹೌದೋ ಅಲ್ಲೋ ಅಂತ ಕೇಳಿದ. ಪಂಪಾಪತಿ ತಲೆಯ ಮೇಲೆ ಹೆಣದ ಹಾಗೆ ತೂಗುತ್ತಿದ್ದ ಫ್ಯಾನನ್ನು ನೋಡಿದ, ಕುತ್ತಿಗೆಯ ಬೆವರು ಒರೆಸಿಕೊಂಡ, ಫ್ಯಾನು ಛಲೋ ತಿರುಗುತ್ತದೆ ಅಂತ ಬರೆದು ಸಹಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಜನ ತಮ್ಮದೇನೂ ತಕರಾರಿಲ್ಲ ಅಂತ ಬರೆದುಕೊಟ್ಟು ಹೋದರು. ಅಂಬಪ್ಪನಿಗೆ ನಿಜವಾಗಿಯೂ ಬೇಜಾರಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ಗೇಣು ಬದುವಿಗಾಗಿ ಮೂರು ತಲೆಮಾರು ತಕರಾರು ನಡೆಸಿದವರನ್ನು ಅವನು ಕಂಡಿದ್ದ. ಈ ಓದಿದ ಹುಡುಗರಿಗೆ ಒಂದು ಫ್ಯಾನಿನ ತಕರಾರು ನಡೆಸುವಷ್ಟು ಗಂಡಸುತನ ಇಲ್ಲವಲ್ಲ ಅಂತ ಗೊಣಗಿದ. ಎಲ್ಲ ಪರಿಹಾರ ಆದಂತಾಯಿತಲ್ಲ ಸಾಹೇಬರು ಹೇಳಿದ ಹಾಗೆ ಅಂತ ಆದಪ್ಪ ಸಮಾಧಾನ ಮಾಡಿದ.

ಹತ್ತೊಂಬತ್ತನೆಯ ನೋಟೀಸು ಗೌಸಿಯಾ ಅನ್ನುವ ವಿದ್ಯಾರ್ಥಿನಿಗೆ ಹೋಗಿತ್ತು. ಆಕೆ ಬರಲಿಲ್ಲ, ಆಕೆಯ ತಾಯಿ ಬಂದಳು.

ಜುಬೇದಾಬೀ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಮೊಣಕೈವರೆಗೆ ಬೇಳೆಯ ವಾಸನೆ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಚಪ್ಪಲಿ ಹೊರಗೆ ಬಿಟ್ಟು, ಪಕ್ಕದ ಸಿಬ್ಬಂದಿ ಬಾಗಿಲು ತೆರೆದಿದ್ದರೂ ಒಳಗೆ ಬಾರದೆ, ನೇರ ಬಂದು ಜಾಲರಿಯ ಕಿಟಕಿಯ ಮುಂದೆ ನಿಂತು ನೋಟೀಸು ತೂರಿಸಿದಳು. ಓದು ಬಾರದವಳು, ನೋಟೀಸು ಮುಟ್ಟಿದ್ದು ಅವತ್ತೇ ಬೆಳಿಗ್ಗೆ, ಮಗಳು ಕಾಲೇಜಿಗೆ ಹೋದ ಮೇಲೆ. ಪಕ್ಕದ ಮನೆಯವರು ತಕರಾರು ಪ್ರಕರಣ, ಸರ್ವೆ ನಂಬರ್, ವಿಚಾರಣೆ ಅನ್ನುವ ಮೂರು ಶಬ್ದ ಓದಿ ಹೇಳಿದ್ದರು. ಅಷ್ಟು ಸಾಕಾಗಿತ್ತು. ಗಂಡ ತೀರಿಕೊಂಡು ಆರು ವರ್ಷ, ಆತನ ಹೆಸರಿನ ಎರಡು ಎಕರೆ ಇನ್ನೂ ಈಕೆಯ ಹೆಸರಿಗೆ ಆಗಿರಲಿಲ್ಲ. ಭಾವ ತಕರಾರು ಹಾಕಿದ್ದ, ಆ ತಕರಾರಿನ ವಿಚಾರಣೆಗೆ ದಿನ ನಿಗದಿಯಾಗಿರಲೇ ಇಲ್ಲ. ಈಗ ಆಯಿತು ಅಂದುಕೊಂಡು, ಅಡುಗೆಯ ಸೌಟನ್ನು ಜೊತೆಗಾತಿಯ ಕೈಗೆ ಕೊಟ್ಟು, ಇದ್ದ ಕಾಗದವನ್ನೆಲ್ಲ ಗಂಟು ಕಟ್ಟಿಕೊಂಡು ಓಡಿ ಬಂದಿದ್ದಳು.

ಅಂಬಪ್ಪ ಗಂಟು ಬಿಚ್ಚಿ ನೋಡಿದ. ಮರಣ ಪ್ರಮಾಣಪತ್ರ, ವಂಶಾವಳಿ, ಅರ್ಜಿ ಕೊಟ್ಟ ರಸೀದಿಗಳು. ಎಲ್ಲಕ್ಕೂ ಕೆಳಗೆ ಒಂದು ಹಿಂಬರಹ: ತಕರಾರು ಇರುವುದರಿಂದ ಸದರಿ ಪ್ರಕರಣವನ್ನು ಬಾಕಿ ಇಡಲಾಗಿದೆ. ಅಕ್ಷರ ದುಂಡಗೆ, ಸಾಲು ನೇರ. ಆ ಅಕ್ಷರವನ್ನು ಅವನು ಗುರುತಿಸಲು ಕನ್ನಡಕ ಬೇಕಾಗಲಿಲ್ಲ. ಅದು ಅವನದೇ.

ಆ ಫೈಲು ಯಾಕೆ ನಿಂತಿತು ಅಂತ ನೆನಪು ಮಾಡಿಕೊಂಡ. ಯಾರೂ ನಿಲ್ಲಿಸಿರಲಿಲ್ಲ. ಸಾಹೇಬರ ಮುಂದೆ ಇಡಬೇಕಾಗಿತ್ತು, ಅವತ್ತು ಸಾಹೇಬರು ಇರಲಿಲ್ಲ, ಆಮೇಲೆ ಅದರ ಮೇಲೆ ಇನ್ನೊಂದು ಫೈಲು ಬಂತು. ಅಷ್ಟೇ. ಅರ್ಜಿದಾರರನ್ನು ಕೇಳದೆ ವಿಲೇವಾರಿ ಮಾಡಬಾರದು ಅಂತ ಪ್ರಿನ್ಸಿಪಾಲರ ಮುಂದೆ ಎದೆ ಸೆಟೆಸಿ ಹೇಳಿದ ಮನುಷ್ಯ ಈ ಅರ್ಜಿದಾರಳನ್ನು ಆರು ವರ್ಷ ಕೇಳಿರಲೇ ಇಲ್ಲ. ಅಂಬಪ್ಪನಿಗೆ ನಾಚಿಕೆಯಾಯಿತು.

"ಇದು ನನ್ನ ಅಕ್ಷರ ಐತೆವಾ," ಅಂದ.

"ಗೊತ್ತೈತ್ರಿ ಸಾಹೇಬ್ರ," ಅಂದಳು ಜುಬೇದಾಬೀ. "ಆರು ವರ್ಷ ನಿಮ್ಮ ಕಿಡಕಿ ಮುಂದನ ನಿಂತೀನಿ. ನೀವು ಮಾರಿ ಎತ್ತಿ ನೋಡಿಲ್ಲ, ಅದಕ್ಕ ನಿಮಗ ನನ್ನ ಗುರ್ತಿಲ್ಲ. ಕಾಲೇಜಿಗ್ಯಾಕ ಕರದ್ರು ಅಂತ ದಿಗಿಲಾಗಿತ್ತು. ನಿಮ್ಮನ್ನ ನೋಡಿದ ಮ್ಯಾಲ ಕಚೇರಿ ಇಲ್ಲಿಗೇ ಬದ್ಲಾಗೈತಿ ಅಂತ ತಿಳಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಬಪ್ಪನಿಗೆ ಅನುಕೂಲವಾಗುತ್ತಿತ್ತು, ಸಿಟ್ಟಿನವರನ್ನು ಕೂರಿಸಿ ನೀರು ಕೊಟ್ಟು ಕಳಿಸುವುದು ಅವನಿಗೆ ಬರುತ್ತಿತ್ತು. ಇದು ನಿಮ್ಮ ಹೊಲದ ನೋಟೀಸಲ್ಲ, ನಿಮ್ಮ ಮಗಳು ಲೈಬ್ರರಿಯ ಬಗ್ಗೆ ಬರೆದ ಚೀಟಿಯದು ಅಂತ ತಿಳಿಸಿ ಹೇಳುವುದರೊಳಗೆ ಅವನ ಅಂಗಿ ಬೆನ್ನಿಗೆ ಅಂಟಿತು. ಜುಬೇದಾಬೀ ಕಾಗದಗಳನ್ನು ಮತ್ತೆ ಒಂದೊಂದಾಗಿ ಗಂಟಿನಲ್ಲಿ ಇಡತೊಡಗಿದಳು. ಅಷ್ಟರಲ್ಲಿ ತಾಯಿ ಬಂದಿದ್ದಾಳೆ ಅಂತ ಯಾರೋ ಹೇಳಿ, ಗೌಸಿಯಾ ಕ್ಲಾಸು ಬಿಟ್ಟು ಓಡಿ ಬಂದಳು.

ಅವಳ ಚೀಟಿ ಉಳಿದೆಲ್ಲದಕ್ಕಿಂತ ಉದ್ದ. ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಯ ನಾಲ್ಕು ಭಾಗದ ಪುಸ್ತಕಕ್ಕೆ ಏಳು ಸಲ ಚೀಟಿ ಹಾಕಿದ್ದೇನೆ, ಏಳು ಸಲವೂ ಇಲ್ಲ ಅಂದರು. ರಿಜಿಸ್ಟರಿನಲ್ಲಿ ಇದೆ, ನಾನೇ ನೋಡಿದ್ದೇನೆ. ಇರುವುದು ಇಲ್ಲ ಹೇಗೆ ಆಗುತ್ತದೆ? ಹೀಗೆ ಬರೆದಿದ್ದಳು. ಪರೀಕ್ಷೆಗೆ ಇಪ್ಪತ್ತನಾಲ್ಕು ದಿನ ಇತ್ತು. ಆ ಸೆಟ್ಟು ಕೊಳ್ಳುವುದು ಬಿಸಿಯೂಟದ ಸಂಬಳದಲ್ಲಿ ಆಗದ ಮಾತು. ಮೊಬೈಲಿನಲ್ಲಿ ಓದಬಹುದು ಅಂದರೆ ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದರ ಗಾಜು ಒಡೆದು ಪ್ರತಿ ಪುಟದ ನಡುವೆ ಒಂದು ಕಾಲುವೆ ಹರಿಯುತ್ತಿತ್ತು.

ಜುಬೇದಾಬೀಗೆ ಕಚೇರಿಯ ಅನುಭವ ಮಗಳಿಗಿಂತ ಜಾಸ್ತಿ. ಸಾಹೇಬರಿಗೆ ತಕರಾರಿಲ್ಲ ಅಂತ ಹೇಳಿಬಿಡು, ಹೋಗೋಣ ಅಂದಳು. ಹೊರಗೆ ಪಂಪಾಪತಿ ಮತ್ತು ಇನ್ನು ಮೂರು ನಾಲ್ಕು ಹುಡುಗರು ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಗೌಸಿಯಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಐತ್ರಿ ಸರ್," ಅಂದಳು. "ನಂದು ತಕರಾರು ಐತಿ."

ಅಂಬಪ್ಪನಿಗೆ ಎದ್ದು ಹೋಗಿ ಅವಳ ಕೈ ಕುಲುಕಬೇಕು ಅನಿಸಿತು. ವಿಚಾರಣಾಧಿಕಾರಿ ಹಾಗೆಲ್ಲ ಮಾಡಬಾರದು ಅಂತ ಸುಮ್ಮನಾದ. ಈ ನೌಕರಿಯೇ ಯಾಕೆ ಬೇಕು, ಬೇರೆ ಯಾವುದೂ ಇಲ್ಲವಾ ಅಂತ ಮಾತ್ರ ಕೇಳಿದ. ತಾನು ಮೂವತ್ತೊಂದು ವರ್ಷ ಸವೆಸಿದ ಇಲಾಖೆಗೆ ಯಾರಾದರೂ ಆಸೆಪಟ್ಟು ಬರುತ್ತಾರೆ ಅನ್ನುವುದು ಅವನಿಗೆ ಹೊಸ ಸುದ್ದಿ.

"ಒಳಗ ಹೋಗಿ ನಮ್ಮ ಫೈಲು ಹುಡುಕಾಕ್ರೀ," ಅಂದಳು ಗೌಸಿಯಾ.

ಅವತ್ತು ಮಧ್ಯಾಹ್ನ ಅಂಬಪ್ಪ ಡಬ್ಬಿಯ ರೊಟ್ಟಿಯನ್ನು ಮುಟ್ಟಲಿಲ್ಲ. ಲೈಬ್ರರಿಯ ರಿಜಿಸ್ಟರನ್ನು ಮ್ಯುಟೇಶನ್ ರಿಜಿಸ್ಟರು ಓದುವ ಹಾಗೆ, ಬೆರಳಿಟ್ಟು ಸಾಲು ಸಾಲಾಗಿ ಓದಿದ. ಗೌಸಿಯಾ ಹೇಳಿದ ನಾಲ್ಕು ಭಾಗವೂ ಇದ್ದವು. ಮುಂದಿನ ಕಲಮಿನಲ್ಲಿ ಕೆಂಪು ಶಾಯಿಯಲ್ಲಿ ಬೈಂಡಿಂಗಿಗೆ ಕಳಿಸಿದೆ ಅಂತ ಬರೆದಿತ್ತು. ಮುಂದಿನ ಪುಸ್ತಕವೂ ಬೈಂಡಿಂಗಿಗೆ. ಅದರ ಮುಂದಿನದೂ. ಒಟ್ಟು ನೂರಾ ಹದಿನಾಲ್ಕು ಪುಸ್ತಕ ಎರಡು ವರ್ಷದ ಹಿಂದೆ ಒಂದೇ ದಿನ ಬೈಂಡಿಂಗಿಗೆ ಹೋಗಿದ್ದವು. ವಿಚಿತ್ರ ಅಂದರೆ ಎಲ್ಲವೂ ನೌಕರಿಯ ಪರೀಕ್ಷೆಯವು, ಎಲ್ಲವೂ ಆ ವರ್ಷವೇ ಕೊಂಡ ಹೊಸ ಪುಸ್ತಕಗಳು. ಹಳೆಯ, ಬೆನ್ನು ಮುರಿದ, ಗೆದ್ದಲು ತಿಂದ ಪುಸ್ತಕ ಒಂದೂ ಹೋಗಿರಲಿಲ್ಲ.

ಅಂಬಪ್ಪ ಆದಪ್ಪನನ್ನು ಕೂರಿಸಿ ಅರ್ಧ ರೊಟ್ಟಿ ಕೊಟ್ಟ. ಆದಪ್ಪ ರೊಟ್ಟಿ ತಿಂದು ಮುಗಿಸಿ ಬಾಯಿಬಿಟ್ಟ. ಆ ಪುಸ್ತಕಗಳನ್ನು ಟಂಟಂ ಆಟೋಗೆ ಹೇರಿದ್ದು ತಾನೇ. ಹೋದದ್ದು ಲಿಂಗಸುಗೂರಿಗೆ. ಅಲ್ಲಿ ಪ್ರಿನ್ಸಿಪಾಲರ ಅಳಿಯ ನೌಕರಿ ಪರೀಕ್ಷೆಯ ಕೋಚಿಂಗ್ ಅಕಾಡೆಮಿ ತೆರೆದಿದ್ದ, ಸುಸಜ್ಜಿತ ಗ್ರಂಥಾಲಯ ಸೌಲಭ್ಯವಿದೆ ಅಂತ ಬ್ಯಾನರೂ ಕಟ್ಟಿಸಿದ್ದ. ಮಸ್ಕಿಯ ಹುಡುಗರು ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಫೀಸು ಕೊಟ್ಟು, ತಮ್ಮದೇ ಕಾಲೇಜಿನ ಪುಸ್ತಕ ಓದಿ ಬರುತ್ತಿದ್ದರು. ಇದನ್ನು ಯಾರಿಗೂ ಹೇಳಬಾರದು ಅಂತ ಸಾಹೇಬರು ತಾಕೀತು ಮಾಡಿದ್ದಾರೆ ಅಂದ ಆದಪ್ಪ. ಹೇಳಿಯಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಮೇಲಿನವರಿಗೆ ದೂರು ಬರೆಯುತ್ತಿದ್ದರು. ದೂರು ಬರೆದರೆ ಏನಾಗುತ್ತದೆ ಅಂತ ಅಂಬಪ್ಪನಿಗೆ ಗೊತ್ತು, ಅದರ ಮೇಲೆ ಇನ್ನೊಂದು ಫೈಲು ಬಂದು ಕೂರುತ್ತದೆ. ಹುಡುಗಿಯ ಹತ್ತಿರ ಇದ್ದದ್ದು ಇಪ್ಪತ್ತನಾಲ್ಕು ದಿನ. ಅದಕ್ಕೆ ಅವನು ಕಳ್ಳತನ ಅನ್ನುವ ಮಾತನ್ನೇ ಎತ್ತಲಿಲ್ಲ. ರಿಜಿಸ್ಟರು ಹೇಳಿದ್ದನ್ನು ಅಕ್ಷರಶಃ ನಂಬಿದ. ಕಾಲೇಜಿನ ಹಾಳೆಯಲ್ಲಿ ಒಂದು ಕಾಗದ ಬರೆದ: ಮಾನ್ಯ ಬೈಂಡರ್ ಅವರಿಗೆ, ತಮ್ಮಲ್ಲಿ ಬೈಂಡಿಂಗಿಗೆ ಕೊಟ್ಟ ನೂರಾ ಹದಿನಾಲ್ಕು ಪುಸ್ತಕಗಳನ್ನು ಈ ಕೂಡಲೇ ಮರಳಿಸತಕ್ಕದ್ದು. ಮರುದಿನ ಆದಪ್ಪನನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ.

ಅಕಾಡೆಮಿ ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ಅಳಿಯ ಗಿಡ್ಡ, ಟೈ ಉದ್ದ. ಕಾಗದ ಓದಿ, ತಾನು ಬೈಂಡರ್ ಅಲ್ಲ, ನಿರ್ದೇಶಕ ಅಂದ. ಅಂಬಪ್ಪ ಬಹಳ ಮರ್ಯಾದೆಯಿಂದ ತಲೆಯಾಡಿಸಿದ. ಹಾಗೆಯೇ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಅಕಾಡೆಮಿಯ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎತ್ತಿದ. ಕೆಳಗಿನಿಂದ ಕಾಲೇಜಿನ ದುಂಡನೆಯ ಶಿಕ್ಕಾ ನೇರಳೆ ಬಣ್ಣದಲ್ಲಿ ಇಣುಕಿತು.

"ನೀವು ಬೈಂಡರ್ ಆದ್ರ ಏನೂ ತ್ರಾಸಿಲ್ರೀ, ಪುಸ್ತಕ ಕೊಟ್ಟು ಕಳಿಸ್ರಿ. ಬೈಂಡರ್ ಅಲ್ಲಂದ್ರ ಕಾಲೇಜಿನ ಪುಸ್ತಕ ಇಲ್ಲ್ಯಾಕ ಅದಾವ ಅಂತ ಬರಕೊಂಡು ಹೋಗಬೇಕಾಕೈತಿ."

ಅಳಿಯ ಮಾವನಿಗೆ ಫೋನು ಹಚ್ಚಿದ. ಮಾವ ಯಾವುದೋ ಸಮಾರಂಭದ ವೇದಿಕೆಯ ಮೇಲೆ ಮೌಲ್ಯಾಧಾರಿತ ಶಿಕ್ಷಣದ ಬಗ್ಗೆ ಮಾತಾಡುತ್ತಿದ್ದರು, ಎತ್ತಲಿಲ್ಲ. ಇತ್ತ ಅಂಬಪ್ಪ ಕೆಳಗಿನಿಂದ ದರ್ಜಿ ಪೀರ್‌ಸಾಬನನ್ನೂ ಗೊಬ್ಬರದ ಅಂಗಡಿಯ ಮುದುಕನನ್ನೂ ಸಾಕ್ಷಿ ಹೇಳುವ ಪಂಚರಾಗಿ ಕರೆಸಿದ. ಪೀರ್‌ಸಾಬನ ಕೊರಳಲ್ಲಿದ್ದ ಟೇಪು ಇಸಿದುಕೊಂಡು ಕೋಣೆಯ ಚಕ್ಕುಬಂದಿ ಅಳೆದ. ಪೂರ್ವಕ್ಕೆ ಕಪಾಟು, ಪಶ್ಚಿಮಕ್ಕೆ ನೀರಿನ ಫಿಲ್ಟರು, ಉತ್ತರಕ್ಕೆ ನಿರ್ದೇಶಕರ ಕುರ್ಚಿ, ದಕ್ಷಿಣಕ್ಕೆ ಶೌಚಾಲಯ ಅಂತ ಪಂಚನಾಮೆಗೆ ಶುರುಮಾಡಿದ. ಇದರಿಂದ ಏನು ಉಪಯೋಗ ಅಂತ ಅವನಿಗೂ ತಿಳಿದಿರಲಿಲ್ಲ. ಆದರೆ ಪಂಚನಾಮೆ ಬರೆಯುವವನ ಮುಂದೆ ಕಾಲು ಗಟ್ಟಿಯಾಗಿ ನಿಲ್ಲುವ ಮನುಷ್ಯನನ್ನು ಅವನು ಇವತ್ತಿನವರೆಗೆ ಕಂಡಿಲ್ಲ. ಶೌಚಾಲಯದ ಬಾಗಿಲು ಅಳೆಯುವ ಹೊತ್ತಿಗೆ ಅಳಿಯ ತಾನು ಬೈಂಡರ್ ಅಂತ ಒಪ್ಪಿಕೊಂಡು ಸಹಿ ಮಾಡಿದ.

ನೂರಾ ಹದಿನಾಲ್ಕೂ ಟಂಟಂ ಏರಿ ಮಸ್ಕಿಗೆ ಬಂದವು. ಸಂಜೆಯಾಗಿ ಕಾಲೇಜು ಬಿಟ್ಟಿತ್ತು. ಅಂಬಪ್ಪ ಅವನ್ನು ಕಪಾಟಿನಲ್ಲಿ ಜೋಡಿಸುವಾಗ ಗೌಸಿಯಾಳ ನಾಲ್ಕು ಭಾಗ ತೆರೆದು ನೋಡಿದ. ಅಕಾಡೆಮಿಯ ಹುಡುಗರು ಅಂಚಿನ ತುಂಬ ಪೆನ್ಸಿಲಿನಲ್ಲಿ ಉತ್ತರ ಬಿಡಿಸಿ ಇಟ್ಟಿದ್ದರು. ಹೋದದ್ದಕ್ಕಿಂತ ಬೆಲೆ ಏರಿಸಿಕೊಂಡು ಬಂದಿವೆ ಅಂತ ಅವನಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಸಿಂಧನೂರಿನ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡಿದ.

ಬೆಳಿಗ್ಗೆ ಪ್ರಿನ್ಸಿಪಾಲರು ಕೂಗಾಡಲಿಲ್ಲ. ಕೂಗಾಡಲು ಅವರಿಗೆ ವಿಷಯವೇ ಇರಲಿಲ್ಲ. ಬೈಂಡಿಂಗಿಗೆ ಹೋದ ಪುಸ್ತಕ ಬೈಂಡಿಂಗಿನಿಂದ ಬಂದಿದೆ, ಬೈಂಡರನ ಸಹಿಯೂ ಇದೆ. ಮೇಲಾಗಿ ಆ ಬೈಂಡರು ಅವರ ಮಗಳ ಗಂಡ. ಹಣೆಯ ವಿಭೂತಿ ಮಾತ್ರ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಅವರು ಮೆಲ್ಲಗೆ ಹೇಳಿದ್ದು ಇಷ್ಟು: ನ್ಯಾಕ್ ಬಂದು ಹೋಗುವವರೆಗೆ ಆ ಪುಸ್ತಕಗಳು ಕಪಾಟಿನಿಂದ ಅಲುಗಾಡಬಾರದು, ತಂಡದವರ ಕಣ್ಣಿಗೆ ತುಂಬಿದ ಕಪಾಟು ಕಾಣಬೇಕು, ಬೀಗದ ಕೈ ನನ್ನ ಹತ್ತಿರ ಇರಲಿ. ನ್ಯಾಕ್ ಬರುವುದು ಗೌಸಿಯಾಳ ಪರೀಕ್ಷೆ ಮುಗಿದು ಎಂಟು ದಿನಕ್ಕೆ. ತಂಡ ಹೋದ ಮೇಲೆ ಆ ಪುಸ್ತಕ ಮತ್ತೆ ಯಾವ ಬೈಂಡರನ ಮನೆಗೆ ಹೋಗುತ್ತದೆ ಅಂತ ಆದಪ್ಪನಿಗೂ ಗೊತ್ತಿತ್ತು.

ಚಾರ್ಜ್ ಪಟ್ಟಿ ಇಲ್ಲದೆ ಬೀಗದ ಕೈ ಕೊಡಲು ಬರುವುದಿಲ್ಲ, ಪಟ್ಟಿ ಮಾಡಲು ಎರಡು ದಿನ ಬೇಕು ಅಂದ ಅಂಬಪ್ಪ. ಅದು ನಿಯಮ, ಸಾಹೇಬರು ಹಲ್ಲು ಕಚ್ಚಿದರು. ಮರುದಿನವೇ ಅಂಬಪ್ಪನ ಹೆಸರಿಗೆ ಆದೇಶ ಬಂತು. ನಿಯೋಜನೆ ರದ್ದು, ಶನಿವಾರ ಸಂಜೆ ಬಿಡುಗಡೆ, ಸೋಮವಾರದಿಂದ ತಹಸೀಲು ಕಚೇರಿಯ ಅದೇ ಕುರ್ಚಿ. ಆರು ವರ್ಷ ಒಂದು ಫೈಲು ಮುಂದೆ ಸರಿಸಲಾಗದ ಸರ್ಕಾರ ಒಬ್ಬ ಗುಮಾಸ್ತನನ್ನು ಎರಡು ದಿನದಲ್ಲಿ ಇಪ್ಪತ್ತು ಮೈಲಿ ಸರಿಸಿತು.

ಶನಿವಾರ ಬೆಳಿಗ್ಗೆ ಸಾಹೇಬರು ಮುನಿಸಿಕೊಂಡ ಮಗಳು ಅಳಿಯನನ್ನು ಸಮಾಧಾನ ಮಾಡಲು ಲಿಂಗಸುಗೂರಿಗೆ ಹೋದರು. ಮೂರು ಗಂಟೆಗೆ ಬಂದು ಚಾರ್ಜ್ ತೆಗೆದುಕೊಳ್ಳುತ್ತೇನೆ ಅಂತ ಹೇಳಿ ಹೋದರು. ಅವರ ಕಾರು ಗೇಟು ದಾಟಿದ ಕೂಡಲೆ ಅಂಬಪ್ಪ ಗೌಸಿಯಾಳನ್ನು ಕರೆಸಿದ. ಮೂವತ್ತೊಂದು ವರ್ಷದಲ್ಲಿ ಅವನು ಕಲಿತದ್ದು ಒಂದೇ: ಕಾಗದ ಯಾರ ಹೆಸರಿಗಾದರೂ ಇರಲಿ, ಜಮೀನು ಯಾರ ಕಬ್ಜಾದಲ್ಲಿ ಇದೆಯೋ ಅವರನ್ನು ಎಬ್ಬಿಸುವುದು ಬ್ರಹ್ಮನಿಗೂ ಕಷ್ಟ.

"ಕ್ಲಾಸಿಗೆ ಹೋಗಿ ಹೇಳವಾ. ತಕರಾರು ಇದ್ದೋರು ಬರ್ರಿ ಅನ್ನು. ನೋಟೀಸು ಇಲ್ಲ, ಸಹಿ ಇಲ್ಲ, ಪುಸ್ತಕ ಐತಿ."

ಗೌಸಿಯಾ ಏನು ಹೇಳಿದಳೋ, ಹೇಗೆ ಹೇಳಿದಳೋ, ಹತ್ತು ನಿಮಿಷದಲ್ಲಿ ಕಾರಿಡಾರು ತುಂಬಿತು. ಅಂಬಪ್ಪ ಹುಡುಗರ ಕಡೆಗೆ ಎಂದೂ ತೆರೆಯದ ಜಾಲರಿಯ ಬಾಗಿಲಿನ ಚಿಲಕ ತೆಗೆದ. ತುಕ್ಕು ಹಿಡಿದ ಚಿಲಕ, ಆದಪ್ಪ ಇಟ್ಟಂಗಿ ತಂದು ಗುದ್ದಬೇಕಾಯಿತು. ಹುಡುಗರು ಮೊದಲ ಸಲ ಕಪಾಟಿನ ಹತ್ತಿರ ಬಂದು, ಏನು ಮಾಡಬೇಕು ತಿಳಿಯದೆ, ಪುಸ್ತಕದ ಬೆನ್ನನ್ನು ಕೈಯಿಂದ ಮುಟ್ಟಿ ನೋಡಿದರು. ಅಂಬಪ್ಪ ಹೊಸ ಹಾಳೆಯಲ್ಲಿ ತನಗೆ ಬರುವ ರೀತಿಯಲ್ಲೇ ಗೆರೆ ಎಳೆದ. ಒಂದು ಕಡೆ ಪುಸ್ತಕದ ನಂಬರು, ಮಾಲೀಕರು ಅನ್ನುವ ಕಡೆ ಕಾಲೇಜು, ಸಾಗುವಳಿದಾರರು ಅನ್ನುವ ಕಡೆ ವಿದ್ಯಾರ್ಥಿಯ ಹೆಸರು. ಮೊದಲ ಸಾಲು ಗೌಸಿಯಾಳದು. ಒಬ್ಬರಿಗೆ ಎರಡೇ ಪುಸ್ತಕ ಅಂತ ನಿಯಮ, ಅವಳಿಗೆ ಬೇಕಾದ್ದು ನಾಲ್ಕು. ಪಂಪಾಪತಿ ಮುಂದೆ ಬಂದು, ಉಳಿದೆರಡು ತನ್ನ ಹೆಸರಿಗೆ ಬರೆಯಲು ಹೇಳಿ, ತೆಗೆದುಕೊಂಡು ಅಲ್ಲೇ ಅವಳ ಕೈಗಿಟ್ಟ. ನಾಲ್ಕು ಭಾಗವನ್ನು ಗೌಸಿಯಾ ಎದೆಗೆ ಅವಚಿಕೊಂಡಳು. ಅವಳ ಗಲ್ಲದವರೆಗೆ ಬಂದವು. ಪರೀಕ್ಷೆಗೆ ಇನ್ನೂ ಇಪ್ಪತ್ತು ದಿನ ಇತ್ತು. ಅವಳಿಗೆ ಅಳು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಹಾಗೆಯೇ ಹೊರಗೆ ನಡೆದಳು. ಅಂಬಪ್ಪ ತಲೆ ತಗ್ಗಿಸಿ ಮುಂದಿನ ಹೆಸರು ಕೇಳಿದ, ಅವನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಜುಬೇದಾಬೀ ಬಂದಳು, ಮಗಳಿಗೆ ಪುಸ್ತಕ ಸಿಕ್ಕ ಸುದ್ದಿ ಶಾಲೆಯ ಅಡುಗೆಮನೆಗೂ ಮುಟ್ಟಿತ್ತು. ಸೋಮವಾರ ಗಂಟು ತೆಗೆದುಕೊಂಡು ಕಚೇರಿಗೆ ಬನ್ನಿ ಅಂದ ಅಂಬಪ್ಪ, ಕಿಟಕಿಯ ಮುಂದೆ ನಿಲ್ಲಬೇಡಿ, ಬಾಗಿಲಿನಿಂದ ಒಳಗೆ ಬನ್ನಿ, ಅವತ್ತೇ ಸಾಹೇಬರ ಮುಂದೆ ಇಡುತ್ತೇನೆ. ಜುಬೇದಾಬೀ ಅವನನ್ನು ಒಂದು ಗಳಿಗೆ ನೋಡಿದಳು. ಇಂಥ ಮಾತು ಆರು ವರ್ಷದಲ್ಲಿ ಬಹಳ ಕೇಳಿದ್ದಳು. "ಬರ್ತೀನ್ರಿ. ಮಾರಿ ಎತ್ತಿ ನೋಡ್ರಿ ಈ ಸಲ," ಅಂದು ಸೌಟು ಕಾಯುತ್ತಿದೆ ಅಂತ ಹೊರಟಳು.

ಮೂರು ಗಂಟೆಗೆ ಸರಿಯಾಗಿ ಪ್ರಿನ್ಸಿಪಾಲರು ಬಂದರು. ಅಂಬಪ್ಪ ಎದ್ದು ನಿಂತು ನಮಸ್ಕಾರ ಮಾಡಿ, ಬೀಗದ ಕೈ ಗೊಂಚಲು ಒಪ್ಪಿಸಿ, ಪಟ್ಟಿಗೆ ಸಹಿ ಹಾಕಿಸಿಕೊಂಡ. ಸಾಹೇಬರು ಸಹಿ ಹಾಕಿದ ಮೇಲೆ ಕಪಾಟು ತೆರೆದರು. ಒಳಗೆ ಮೊನ್ನೆ ಒರೆಸಿದ ಹಲಗೆಗಳು ಪಳಪಳ ಹೊಳೆಯುತ್ತಿದ್ದವು, ಅಷ್ಟೇ. ಅವರು ಬಗ್ಗಿ ಕೆಳಗಿನ ಹಲಗೆ ನೋಡಿದರು, ಕಪಾಟಿನ ಹಿಂದೆ ನೋಡಿದರು, ಆದಪ್ಪನ ಮುಖ ನೋಡಿದರು. ಆದಪ್ಪ ಗೋಡೆ ನೋಡಿದ.

"ನೂರಾ ಹದಿನಾಲ್ಕು ಪುಸ್ತಕ ಎಲ್ಲಿ ಹೋದ್ವೋ?" ಅಂದರು. ಬೆಣ್ಣೆ ಅಷ್ಟೂ ಕರಗಿತ್ತು.

ಅಂಬಪ್ಪ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡ, ಚೀಲ ಹೆಗಲಿಗೇರಿಸಿದ.

"ಎಲ್ಲಾ ಸಾಗುವಳ್ಯಾಗ ಅದಾವ್ರೀ ಸರ್," ಅಂದ.